ಕೀಲಿ ಯಾರ ಕೈಯಲ್ಲಿದೆ?

ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಉಳಿದುಕೊಂಡಿದ್ದ ಸಮಾಜಕಾರ್ಯದ ವಿದ್ಯಾರ್ಥಿನಿಯ ಟಿಪ್ಪಣಿ ಪುಸ್ತಕ ನೋಡಿ ಬಂದೆ. ಅದರಲ್ಲಿ ಪ್ರಶ್ನಾವಳಿಯೇ ಇಲ್ಲ. ಗುಳೆ ಹೋದವರ ಯಾವ ಮನೆಗೆ ಕೀಲಿ ಬಿದ್ದಿದೆ, ಅದನ್ನು ಯಾರ ಕೈಗೆ ಕೊಟ್ಟಿದ್ದಾರೆ, ಆಡುಗಳು ಯಾರ ಪಾಲಿಗೆ ಬಂದಿವೆ ಎಂಬುದೇ ಪುಟಗಟ್ಟಲೆ!

ಯಾದಗಿರಿಯ ಗುಳೆ ಯಾರಿಗೆ ಗೊತ್ತಿಲ್ಲ? ಸುಗ್ಗಿ ಮುಗಿಯುತ್ತಲೇ ಬೆಂಗಳೂರು, ಪುಣೆ, ಮುಂಬೈಯ ಕಟ್ಟಡ ಕೆಲಸಕ್ಕೆ ಹೊರಟವರ ಗಂಟುಮೂಟೆ ಶಹಾಪುರದ ಬಸ್ ನಿಲ್ದಾಣದಲ್ಲೂ ಕಾಣುತ್ತದೆ. ಹಾಜರಿ ಪುಸ್ತಕದಲ್ಲಿ ಇವರ ಮಕ್ಕಳು ಗೈರು. ಆದರೆ ಈ ಹುಡುಗಿ ಹೆಂಗಸರ ಜೊತೆ ಟಂಟಂ ಏರಿ ಹತ್ತಿ ಬಿಡಿಸಲು ಹೋದ ಮೇಲೆ ಬೇರೆಯದೇ ಸಂಗತಿ ತಿಳಿಯಿತು. ಕೆಲವು ಮಕ್ಕಳು ಊರಲ್ಲೇ ಇದ್ದಾರೆ. ಅಪ್ಪ ಅವ್ವ ಬಿಟ್ಟುಹೋದ ಆಡು ಕಾಯುತ್ತಿದ್ದಾರೆ. ಮೊದಲು ಮೊಮ್ಮಗಳು ‘ಸಾಲಿಗಿ ಹೋಗ್ತಾಳ’ ಎಂದಿದ್ದ ಅಜ್ಜಿಯೇ ಆಮೇಲೆ ಕೇಳಿದಳಂತೆ: ‘ಹಾಸ್ಟೆಲ್ಲಿಗಿ ಕಳಿಸಿದ್ರ ಆಡಿನ ಹಿಂದ ಯಾರ್ ಹೋಗ್ತಾರವ್ವ?’

ಗುಳೆ ಹೋದವರ ಮಕ್ಕಳಿಗೆ ಋತುಮಾನ ವಸತಿ ಶಾಲೆ ನಡೆಸುವವರು ಕೇಳಿಸಿಕೊಳ್ಳಬೇಕಾದ ಪ್ರಶ್ನೆ ಇದು. ಎರಡು ದಿನದಲ್ಲಿ ಊರು ಸುತ್ತಿ ಮುಗಿಸುವ ಸಮೀಕ್ಷೆಗಳ ಮೇಲೆ ನನಗೆ ನಂಬಿಕೆ ಕಡಿಮೆ. ಫಾರಂ ಹಿಡಿದು ಬಂದವರಿಗೆ ಜನ ಫಾರಂಗೆ ಒಪ್ಪುವ ಉತ್ತರವನ್ನೇ ಕೊಡುತ್ತಾರೆ.

ಕೀಲಿಯ ವಿಷಯ ಮಾತ್ರ ಇನ್ನೂ ನನ್ನ ತಲೆಯಿಂದ ಹೋಗಿಲ್ಲ. ಒಂದು ಮನೆಯದು ತಮ್ಮನ ಬಳಿ ಇಲ್ಲ, ಸಾಲ ಕೊಟ್ಟ ಕಿರಾಣಿ ಅಂಗಡಿಯವನ ಬಳಿ ಇದೆ. ಓಣಿಯ ಒಬ್ಬ ಮುದುಕಿಯ ಸೆರಗಿನ ಗಂಟಿನಲ್ಲಿ ಐದು ಮನೆಯ ಕೀಲಿ! ಆಕೆ ಯಾವ ಸಂಘದ ಅಧ್ಯಕ್ಷೆಯೂ ಅಲ್ಲ, ಶಾಲಾಭಿವೃದ್ಧಿ ಸಮಿತಿಯಲ್ಲೂ ಇಲ್ಲ. ಓಣಿ ನಂಬುವುದು ಮಾತ್ರ ಆಕೆಯನ್ನೇ. ಹೊಸದಾಗಿ ಊರಿಗೆ ಬರುವ ಸಂಸ್ಥೆ ಮೊದಲು ಕೂರಬೇಕಾದದ್ದು ಆಕೆಯ ಕಟ್ಟೆಯ ಮೇಲೆ.

ಹೀಗೆ ಉಳಿದು ನೋಡುವ ಪದ್ಧತಿ ನಮಗೆ ಹೊಸದಲ್ಲ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ‘ರಾಂಪುರ’ದಲ್ಲಿ ನೆಲೆಸಿದ್ದರು. ಸಮಾಜ ಮಾನವಶಾಸ್ತ್ರಜ್ಞೆ ಎ.ಆರ್. ವಾಸವಿ ವಿಜಯಪುರ ಜಿಲ್ಲೆಯ ಹಳ್ಳಿಯಲ್ಲಿದ್ದು ಮಾಡಿದ ಅಧ್ಯಯನ 1999ರಲ್ಲಿ ‘ಹಾರ್ಬಿಂಜರ್ಸ್ ಆಫ್ ರೇನ್’ ಆಗಿ ಬಂತು. ರೈತರು ‘ಹೈಬ್ರಿಡ್’ ಎಂದು ಬೀಜವನ್ನಷ್ಟೇ ಅಲ್ಲ, ಈ ಕಾಲವನ್ನೂ ಮನುಷ್ಯರನ್ನೂ ಕರೆಯುವುದನ್ನು ಅವರು ಕಿವಿಗೊಟ್ಟು ಕೇಳಿದ್ದರು. ಸುರಪುರಕ್ಕೆ ಸಂಸ್ಥೆಗಳೂ ಹೊಸವಲ್ಲ. ಯಾದಗಿರಿ 2009ರಲ್ಲಿ ಜಿಲ್ಲೆಯಾಗುವ ಮೊದಲೇ ಅಜೀಂ ಪ್ರೇಮ್‌ಜಿ ಫೌಂಡೇಶನ್ ಇಲ್ಲಿನ ಸರ್ಕಾರಿ ಶಾಲೆಗಳಲ್ಲಿ ಕೆಲಸ ಶುರುಮಾಡಿತ್ತು.

ಒಂದು ಹಳ್ಳಿಯ ಟಿಪ್ಪಣಿಯಿಂದ ಜಿಲ್ಲೆಯ ಅಂಕಿಅಂಶ ಸಿಗುವುದಿಲ್ಲ, ನಿಜ. ಅಂಕಿಯ ಹಿಂದಿನ ಕಾರಣ ಸಿಗುತ್ತದೆ. ಆದರೆ ಇಂಥ ವರದಿಗಳು ಅಂಕ ಬಿದ್ದ ಮೇಲೆ ಕಾಲೇಜಿನ ಕಪಾಟು ಸೇರುತ್ತವೆ. ಪ್ರಾಧ್ಯಾಪಕರಲ್ಲಿ ನನ್ನ ಕೋರಿಕೆ ಇಷ್ಟೇ: ಸಾಲದ ಮಾತು, ಮನೆಯವರ ಹೆಸರು ತೆಗೆದು, ಕನ್ನಡದಲ್ಲೇ ಒಂದು ಪ್ರತಿಯನ್ನು ಗ್ರಾಮ ಪಂಚಾಯಿತಿಗೂ ಶಾಲೆಗೂ ಕೊಡಿಸಿ. ಮುಂದಿನ ಸುಗ್ಗಿಗೆ ಮುಂಚೆಯೇ ಕೊಡಿಸಿ.