ಉಳುಕೆನಿಸಿಕೊಳ್ಳುವ ಲಿಸ್‌ಫ್ರಾಂಕ್ ಗಾಯ

ಪಾದ ತಿರುಚಿ ಬಾತುಕೊಂಡರೂ ಹೆಜ್ಜೆಯೂರಲು ಆಗುತ್ತಿದ್ದರೆ ಮೂಳೆಗೇನೂ ಆಗಿಲ್ಲ, ಅದು ಬರಿಯ ಉಳುಕು, ಎಣ್ಣೆ ಹಚ್ಚಿ ನೀವಿದರೆ ಇಳಿಯುತ್ತದೆ ಎಂಬ ನಂಬಿಕೆ ಬಹುಪಾಲು ನಿಜವೇ ಆಗುವುದರಿಂದ, ಅದು ಹುಸಿಯಾಗುವ ಅಪರೂಪದ ಗಾಯವೊಂದು ಕಣ್ತಪ್ಪಿ ಹೋಗುತ್ತದೆ. ನಡುಪಾದದ ಗಿಡ್ಡ ಮೂಳೆಗಳಿಗೂ ಬೆರಳುಗಳತ್ತ ಚಾಚಿದ ಐದು ಉದ್ದ ಮೂಳೆಗಳಿಗೂ ನಡುವಿನ ಕೀಲುಸಾಲು ಸಡಿಲುವ ಈ ಪೆಟ್ಟಿಗೆ ಲಿಸ್‌ಫ್ರಾಂಕ್ ಗಾಯವೆಂದು ಹೆಸರು. ಫ್ರೆಂಚ್ ಶಸ್ತ್ರವೈದ್ಯ ಜಾಕ್ ಲಿಸ್‌ಫ್ರಾಂಕ್ ಇದನ್ನು ಮೊದಲು ವಿವರಿಸಿದನೆಂಬುದೂ ತಪ್ಪು ಗ್ರಹಿಕೆಯೇ. ಅವನು ಹೇಳಿದ್ದು ಅದೇ ಕೀಲುಸಾಲಿನಲ್ಲಿ ಪಾದದ ಮುಂಭಾಗವನ್ನು ಕತ್ತರಿಸಿ ತೆಗೆಯುವ ವಿಧಾನವನ್ನು.

ಎರಡನೆಯ ಉದ್ದ ಮೂಳೆಯ ಬುಡ ಕಮಾನಿನ ಬೆಣೆಗಲ್ಲಿನಂತೆ ಗಿಡ್ಡ ಮೂಳೆಗಳ ನಡುವೆ ಹುದುಗಿದ್ದು, ಅದನ್ನು ಹೆಬ್ಬೆರಳ ಬದಿಯ ಗಿಡ್ಡ ಮೂಳೆಗೆ ಬಿಗಿಯುವುದು ಒಂದು ಅಸ್ಥಿರಜ್ಜು, ಅಂದರೆ ಮೂಳೆಗೆ ಮೂಳೆಯನ್ನು ಕಟ್ಟುವ ನಾರುಪಟ್ಟಿ. ಮೊದಲ ಮತ್ತು ಎರಡನೆಯ ಉದ್ದ ಮೂಳೆಗಳ ಬುಡಗಳ ನಡುವೆ ಬೇರೆ ಪಟ್ಟಿ ಇಲ್ಲದ ಕಾರಣ, ಇದು ಹರಿದರೆ ಒಂದು ಮೂಳೆಯೂ ಮುರಿಯದೆ ಪಾದ ಕುಸಿಯಬಹುದು. ಅಂಗಾಲಿನ ನಡುವೆ ನೀಲಿಗಟ್ಟಿದ ಕಲೆ ಕಂಡರೆ ಅದನ್ನು ಉಳುಕೆಂದು ತಳ್ಳಿಹಾಕುವಂತಿಲ್ಲ. ಎಕ್ಸ್‌ರೇ ಸರಿಯಿದೆಯೆಂಬ ಸಮಾಧಾನವೂ ಅರೆಬರೆಯದು, ಏಕೆಂದರೆ ಮಲಗಿಸಿ ತೆಗೆದ ಚಿತ್ರದಲ್ಲಿ ಮೂಳೆಗಳು ಸ್ವಸ್ಥಾನದಲ್ಲೇ ಕಾಣಬಹುದು. ಭಾರ ಹಾಕಿ ನಿಂತಾಗ ತೆಗೆದು ಇನ್ನೊಂದು ಪಾದದೊಡನೆ ಹೋಲಿಸಿದರೆ ಬಯಲಾಗುವ 2 ಮಿ.ಮೀ. ಅಂತರವೂ ಶಸ್ತ್ರಚಿಕಿತ್ಸೆಯ ಯೋಚನೆಗೆ ಸಾಕಾಗುತ್ತದೆ.

ಹೀಗೆ ಜರುಗಿದ ಕೀಲನ್ನು ನಾಟಿ ವೈದ್ಯರ ಪುತ್ತೂರು ಕಟ್ಟಾಗಲಿ ಪ್ಲಾಸ್ಟರ್ ಆಗಲಿ ನೆಚ್ಚಿಕೊಳ್ಳುವಂತೆ ಹಿಡಿದಿಡಲಾರದು. ಸ್ಕ್ರೂ ಅಥವಾ ಪ್ಲೇಟ್ ಬೇಕಾಗುತ್ತದೆ. ಹಾಗೆಂದು ಅಂದೇ ಕೊಯ್ಯಬೇಕೆಂಬ ಆತುರವೂ ಸಲ್ಲದು. ಗಾಯ ತೆರೆದಿದ್ದರೆ, ಪಾದದೊಳಗಿನ ಒತ್ತಡ ಏರಿ ರಕ್ತಸಂಚಾರ ಕಟ್ಟುತ್ತಿದ್ದರೆ ಅಥವಾ ಜಾರಿದ ಮೂಳೆ ಚರ್ಮವನ್ನು ಒತ್ತುತ್ತಿದ್ದರೆ ಅದು ತುರ್ತು. ಉಳಿದಂತೆ ಬಾವು ಇಳಿದು ಚರ್ಮದಲ್ಲಿ ಸುಕ್ಕು ಮೂಡುವವರೆಗೆ ಒಂದೆರಡು ವಾರ ಕಾಯುವುದೇ ರೂಢಿ, ಏಕೆಂದರೆ ಬಿಗಿದ ಚರ್ಮವನ್ನು ಕೊಯ್ದರೆ ಹೊಲಿಗೆ ಕೂಡದೆ ಸೋಂಕು ತಗಲಬಹುದು.

ಎಲ್ಲಕ್ಕಿಂತ ಹೆಚ್ಚು ಹೆದರಿಸುವುದು ಕೀಲುಬೆಸುಗೆ, ಅಂದರೆ ಮೃದ್ವಸ್ಥಿಯನ್ನು ಕೆರೆದು ಎರಡು ಮೂಳೆಗಳನ್ನು ಒಂದಾಗಿ ಬೆಳೆಯಗೊಡುವ ಚಿಕಿತ್ಸೆ. ಇದರಿಂದ ನಡಿಗೆಯೇ ಕೆಡುತ್ತದೆಂಬ ಭಯಕ್ಕೆ ಆಧಾರ ಕಡಿಮೆ. ಬೆಸೆಯುವುದು ಹೆಬ್ಬೆರಳ ಬದಿಯ ಮೂರು ಕೀಲುಗಳನ್ನು, ಅವು ಮೊದಲೇ ಹೆಚ್ಚು ಅಲುಗುವುದಿಲ್ಲ. ಹೆಚ್ಚು ಚಲಿಸುವ ನಾಲ್ಕನೆಯ, ಐದನೆಯ ಕೀಲುಗಳನ್ನು ಸಾಮಾನ್ಯವಾಗಿ ತಾತ್ಕಾಲಿಕ ತಂತಿಯಿಂದಷ್ಟೇ ನಿಲ್ಲಿಸಿ, ಕೆಲವು ವಾರಗಳ ನಂತರ ತಂತಿಯನ್ನು ತೆಗೆಯುತ್ತಾರೆ. 2006ರಲ್ಲಿ ಪ್ರಕಟವಾದ, ಮುಖ್ಯವಾಗಿ ರಜ್ಜು ಹರಿದ 41 ರೋಗಿಗಳ ಹೋಲಿಕೆಯಲ್ಲಿ, ಸ್ಕ್ರೂ ಮಾತ್ರ ಹಾಕಿಸಿಕೊಂಡವರಿಗಿಂತ ಬೆಸುಗೆಯಾದವರ ಫಲಿತಾಂಶವೇ ಮೇಲಾಗಿತ್ತು. ಮೂಳೆ ಮುರಿದ ಎಲ್ಲ ಗಾಯಗಳಿಗೂ ಇದನ್ನು ಹಾಗೆಯೇ ಅನ್ವಯಿಸಲಾಗದು. ಆದರೆ ಅಚ್ಚುಕಟ್ಟಾಗಿ ಕೂಡಿಸಿದ ಪಾದದಲ್ಲೂ ಮುಂದೆ ಕೀಲುಸವೆತ ತಲೆದೋರಿ, ತಡವಾಗಿಯಾದರೂ ಬೆಸುಗೆ ಬೇಕಾಗುವುದುಂಟು.