ಮರುಭೂಮಿಯ ನಗರವೂ ಮುದುಕರ ಬಾಯಿಮಾತೂ

ಒಂದು ಊರಿನ ಇತಿಹಾಸವನ್ನು ಬರೆಯಹೊರಟವನು ಮೊದಲು ಕಚೇರಿಯ ದಫ್ತರವನ್ನು ಬಿಚ್ಚುವನು. ಅಲ್ಲಿ ಜಮೀನಿನ ಕ್ರಯಪತ್ರ, ಜನಗಣತಿಯ ಲೆಕ್ಕ, ಕಂಪನಿಯ ವರದಿ, ನ್ಯಾಯಾಲಯದ ತೀರ್ಪು ಎಲ್ಲವೂ ದೊರೆಯುವುವು. ಆ ನೆಲದ ಮೇಲೆ ದುಡಿದವನ ಮಾತು ಮಾತ್ರ ದೊರೆಯುವುದಿಲ್ಲ. ಈ ಕೊರತೆಯನ್ನು ತುಂಬಲು ಅಮೇರಿಕಾ ಸಂಯುಕ್ತ ಸಂಸ್ಥಾನಗಳ ನೆವಾಡಾ ಪ್ರಾಂತದಲ್ಲಿರುವ ಲಾಸ್ ವೇಗಸ್ ನಗರದಲ್ಲಿ ನಡೆದಿರುವ ಪ್ರಯತ್ನವನ್ನು ಇಂದು ವಾಚಕರ ಮುಂದಿಡಬಯಸುತ್ತೇವೆ. ಜೂಜಿನ ಊರೆಂದೂ ದೀಪಗಳ ಊರೆಂದೂ ಹೆಸರಾದ ಆ ಪಟ್ಟಣದಿಂದ ಕಲಿಯತಕ್ಕದ್ದೇನಿದೆ ಎಂದು ಕೆಲವರು ಮೂಗು ಮುರಿಯಬಹುದು. ಆ ದೀಪಗಳ ಹಿಂದೆ ಬಾಳಿದ ಜನರು ಆಡಿದ ಮಾತಿನಲ್ಲಿ ಕಲಿಯತಕ್ಕದ್ದು ಬಹಳವಿದೆ.

ವರ್ಷಕ್ಕೆ ನಾಲ್ಕಂಗುಲದಷ್ಟು ಮಾತ್ರ ಮಳೆ ಬೀಳುವ ನಾಡು ಅದು. ಆ ಮರಳುಗಾಡಿನ ನಡುವೆ ಬುಗ್ಗೆಗಳೂ ಹಸುರೂ ಇದ್ದುದರಿಂದ ಸ್ಪಾನಿಷ್ ಭಾಷೆಯವರು ‘ಹುಲ್ಲುಗಾವಲುಗಳು’ ಎಂಬರ್ಥದ ಈ ಹೆಸರನ್ನಿಟ್ಟರು. ಅವರಿಗಿಂತ ಬಹು ಹಿಂದಿನಿಂದಲೂ ಪಾಯೂಟ್ ಎಂಬ ಮೂಲನಿವಾಸಿಗಳು ಆ ನೀರನ್ನಾಶ್ರಯಿಸಿ ಬದುಕಿದ್ದರು. ೧೯೦೫ನೆಯ ಮೇ ೧೫ರಂದು ರೈಲ್ವೆ ಕಂಪನಿಯವರು ನಿವೇಶನಗಳನ್ನು ಹರಾಜು ಹಾಕಿದಾಗ ಈಗಿನ ಪಟ್ಟಣವು ಹುಟ್ಟಿತು. ೧೯೧೧ರಲ್ಲಿ ಪಾಯೂಟರ ಪಾಲಿಗೆ ಪ್ರತ್ಯೇಕಿಸಲಾದದ್ದು ೧೦ ಎಕರೆ ನೆಲ. ೧೯೪೦ರಲ್ಲಿ ೮,೪೨೨ ಜನರಿದ್ದ ಊರಿನಲ್ಲಿ ೨೦೨೦ರ ಗಣತಿಯಂತೆ ೬,೪೧,೯೦೩ ಜನರಿದ್ದರು. ಹೆಸರಿಗೆ ಕಾರಣವಾದ ಬುಗ್ಗೆಗಳು ಈ ನಡುವೆ, ೧೯೬೨ರ ಹೊತ್ತಿಗೆ, ಬತ್ತಿಹೋದವು.

ಇಷ್ಟು ವೇಗದಿಂದ ಬೆಳೆದ ಊರಿನಲ್ಲಿ ಹೆಚ್ಚಿನವರು ಹೊರಗಿನಿಂದ ಬಂದವರೇ. ಅಜ್ಜಿಯು ಮೊಮ್ಮಗನಿಗೆ ಓಣಿಯ ಕಥೆ ಹೇಳುವ ಪರಂಪರೆಯು ಅಲ್ಲಿ ಸುಲಭವಾಗಿ ಬೇರೂರಲಾರದು. ಹಳೆಯ ಕಟ್ಟಡಗಳನ್ನು ನೋಡಿ ನೆನೆಯೋಣವೆಂದರೆ, ಡ್ಯೂನ್ಸ್ ಎಂಬ ಹೆಸರಾಂತ ಹೊಟೆಲನ್ನು ೧೯೯೩ರಲ್ಲಿಯೂ ಸ್ಯಾಂಡ್ಸ್ ಎಂಬುದನ್ನು ೧೯೯೬ರಲ್ಲಿಯೂ ಸಿಡಿಮದ್ದಿಟ್ಟು ಕೆಡವಿ, ಅವುಗಳ ಸ್ಥಳದಲ್ಲಿ ಹೊಸವನ್ನು ಎಬ್ಬಿಸಿದರು. ಕಲ್ಲೂ ಉಳಿಯದ ಊರಿನಲ್ಲಿ ನೆನಪಿಗೆ ಆಧಾರವಾಗಿ ಉಳಿಯುವುದು ಮನುಷ್ಯನ ನಾಲಗೆಯೊಂದೇ. ಇದನ್ನರಿತು ೧೯೭೦ರ ದಶಕದಿಂದಲೇ ಇತಿಹಾಸದ ಪ್ರಾಧ್ಯಾಪಕರಾದ ರಾಲ್ಫ್ ರೋಸ್ಕೆಯವರ ವಿದ್ಯಾರ್ಥಿಗಳು ಊರಿನ ಹಳಬರನ್ನು ಮಾತನಾಡಿಸಿ, ಅವರ ಧ್ವನಿಯನ್ನು ಮುದ್ರಿಸಿಕೊಳ್ಳತೊಡಗಿದರು. ೨೦೦೩ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಗ್ರಂಥಾಲಯವು ಮೌಖಿಕ ಇತಿಹಾಸಕ್ಕೆಂದೇ ಒಂದು ಸಂಶೋಧನ ಕೇಂದ್ರವನ್ನು ಸ್ಥಾಪಿಸಿತು. ಕ್ಲೇಟೀ ವೈಟ್ ಎಂಬ ವಿದುಷಿಯು ಅದರ ಮೊದಲ ನಿರ್ದೇಶಕಿಯಾದರು.

ಇಂತಹ ಬಾಯಿಮಾತಿನ ಬೆಲೆಯೇನೆಂಬುದಕ್ಕೆ ಮೊದಲ ನಿದರ್ಶನವು ಹೂವರ್ ಅಣೆಕಟ್ಟಿನದು. ಊರಿನಿಂದ ಮೂವತ್ತು ಮೈಲಿಯಾಚೆ ಕೊಲರಾಡೋ ನದಿಗೆ ೧೯೩೧ರಿಂದ ೧೯೩೬ರ ವರೆಗೆ ಕಟ್ಟಿದ ಈ ಅಣೆಕಟ್ಟಿಲ್ಲದಿದ್ದರೆ ಇಂದಿನ ಲಾಸ್ ವೇಗಸ್ ಇರುತ್ತಿರಲಿಲ್ಲ. ಕಟ್ಟುವಾಗ ಸತ್ತವರ ಸರಕಾರೀ ಲೆಕ್ಕವು ೯೬. ಆದರೆ ನದಿಯನ್ನು ತಿರುಗಿಸಲು ಕೊರೆದ ಸುರಂಗಗಳಲ್ಲಿ ಪೆಟ್ರೋಲಿನ ಲಾರಿಗಳನ್ನು ಓಡಿಸಿದ್ದರಿಂದ ವಿಷದ ಹೊಗೆ ತುಂಬಿತೆಂದೂ, ಅದರಿಂದ ಬಿದ್ದವರನ್ನು ಫುಪ್ಪುಸದ ಜ್ವರದವರೆಂದು ಬರೆದುಕೊಂಡರೆಂದೂ ಕೂಲಿಕಾರರು ಹೇಳಿದರು. ಹಾಗೆ ಬರೆದ ಸಾವು ಕೆಲಸದಿಂದಾದ ಸಾವಿನ ಪಟ್ಟಿಗೆ ಸೇರುವುದಿಲ್ಲವಷ್ಟೆ! ಗುತ್ತಿಗೆಯ ಕಂಪನಿಯು ಆಪಾದನೆಯನ್ನು ಒಪ್ಪಲಿಲ್ಲ. ಆದರೂ ಕೂಲಿಕಾರರು ಹೂಡಿದ ಹಲವು ದಾವೆಗಳನ್ನು ೧೯೩೬ರಲ್ಲಿ ನ್ಯಾಯಾಲಯದ ಹೊರಗೆ ಹಣ ಕೊಟ್ಟು ತೀರಿಸಿಕೊಂಡಿತು. ಅಲ್ಲಿ ದುಡಿದವರ ಹೇಳಿಕೆಗಳನ್ನು ಡ್ಯೂನರ್ ಮತ್ತು ಮ್ಯಾಕ್‌ಬ್ರೈಡ್ ಎಂಬ ಇಬ್ಬರು ವಿದ್ವಾಂಸರು ಕೂಡಿಸಿ ೧೯೯೩ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ಕಾಗದದಲ್ಲಿ ಬರಿಯ ಅಂಕಿಯಾಗಿದ್ದವರು ಅಲ್ಲಿ ಮನುಷ್ಯರಾಗಿ ಎದ್ದು ನಿಲ್ಲುವರು.

ಎರಡನೆಯದು ವರ್ಣಭೇದದ ಕಥೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮೆಗ್ನೀಸಿಯಂ ಕಾರ್ಖಾನೆಯ ಕೆಲಸಕ್ಕೆಂದು ಅರ್ಕಾನ್ಸಾ, ಲೂಸಿಯಾನಾ ಪ್ರಾಂತಗಳ ಚಿಕ್ಕ ಊರುಗಳಿಂದ ಕಪ್ಪು ಜನರು ಹಿಂಡುಹಿಂಡಾಗಿ ಬಂದರು. ಅವರಿಗೆ ದೊರೆತದ್ದು ರೈಲುಹಳಿಗಳ ಆಚೆಯ ‘ವೆಸ್ಟ್‌ಸೈಡ್’. ನೆಟ್ಟನೆಯ ಬೀದಿಯಾಗಲಿ ಚರಂಡಿಯಾಗಲಿ ಇಲ್ಲದ ಕೇರಿ. ಹೊಟೆಲುಗಳಲ್ಲಿ ಹಾಡಿ ಕುಣಿದು ಜನರನ್ನು ರಂಜಿಸಿದ ಕಪ್ಪು ಕಲಾವಿದರೂ ಅಲ್ಲಿ ರಾತ್ರಿ ಮಲಗುವಂತಿರಲಿಲ್ಲ. ಎಲ್ಲರಿಗೂ ಬಾಗಿಲು ತೆರೆದ ಮೂಲಾಂ ರೂಜ್ ಎಂಬ ಹೊಟೆಲು ೧೯೫೫ರ ಮೇ ತಿಂಗಳಲ್ಲಿ ಆರಂಭವಾಗಿ ವರ್ಷ ತುಂಬುವುದರೊಳಗೆ ಮುಚ್ಚಿತು. ಕಡೆಗೆ ೧೯೬೦ರ ಮಾರ್ಚಿಯಲ್ಲಿ, ದಂತವೈದ್ಯರಾದ ಜೇಮ್ಸ್ ಮ್ಯಾಕ್ಮಿಲನ್ನರ ಮುಂದಾಳುತನದಲ್ಲಿ ಜನರು ಮೆರವಣಿಗೆ ಹೊರಡುವೆವೆಂದು ನಿರ್ಧರಿಸಿ ನಿಂತಾಗ, ಹೊಟೆಲುಗಳ ಒಡೆಯರು ಮಣಿದು ಬಾಗಿಲು ತೆರೆದರು. ಅನ್ಯಾಯದೆದುರು ಸಂಘಟಿತ ಜನಶಕ್ತಿಯು ಏನು ಮಾಡಬಲ್ಲುದೆಂಬುದು ಸತ್ಯಾಗ್ರಹವನ್ನು ಕಂಡ ದೇಶದವರಾದ ನಮಗೆ ಹೊಸತಲ್ಲ. ಮ್ಯಾಕ್ಮಿಲನ್ನರು ತಾವು ಕಂಡುಂಡದ್ದನ್ನು ತಮ್ಮ ಬಾಯಿಂದಲೇ ಹೇಳಿ ಬರೆಯಿಸಿದ್ದು ೧೯೯೭ರಲ್ಲಿ ಪುಸ್ತಕವಾಗಿ ಬಂದಿತು. ಅಲಬಾಮಾದಿಂದ ಬಂದು ಹೊಟೆಲಿನ ಕೋಣೆಗಳನ್ನು ಗುಡಿಸಿದ ಹ್ಯಾಟಿ ಕ್ಯಾಂಟಿಯು ೧೯೯೦ರಲ್ಲಿ ಅಡಿಗೆಯವರ ಮತ್ತು ಪರಿಚಾರಕರ ಸಂಘದ ಅಧ್ಯಕ್ಷೆಯಾದಳು. ೧೯೯೧ರಲ್ಲಿ ಫ್ರಾಂಟಿಯರ್ ಹೊಟೆಲಿನ ಸುಮಾರು ೫೫೦ ಕಾರ್ಮಿಕರು ಹೂಡಿದ ಮುಷ್ಕರವು ಆರು ವರ್ಷಕ್ಕೂ ಮಿಕ್ಕಿ ನಡೆದು ಗೆದ್ದಿತು.

ಮೂರನೆಯದು ಅಣುಬಾಂಬಿನ ಕಥೆ. ಊರಿನ ವಾಯವ್ಯದ ಮರುಭೂಮಿಯಲ್ಲಿ, ಶೋಶೋನಿ ಜನರು ತಮ್ಮದೆಂದು ಹೇಳುವ ನೆಲದಲ್ಲಿ, ೧೯೫೧ರಿಂದ ೧೯೯೨ರ ವರೆಗೆ ೯೨೮ ಸ್ಫೋಟಪರೀಕ್ಷೆಗಳು ನಡೆದವು. ಅವುಗಳಲ್ಲಿ ೧೦೦ ಬಯಲಿನಲ್ಲಿಯೇ ನಡೆದವು. ಮೋಡದ ಅಣಬೆಯನ್ನು ನೋಡಲು ಪ್ರವಾಸಿಗಳನ್ನು ಕರೆದು ಹೊಟೆಲುಗಳವರು ಹಣ ಮಾಡಿದರು. ಅಪಾಯವಿಲ್ಲವೆಂದು ಸರಕಾರವು ಅಭಯ ಕೊಟ್ಟಿತು. ಗಾಳಿಯ ದಿಕ್ಕಿನ ಹಳ್ಳಿಗಳಲ್ಲಿ ಅರ್ಬುದರೋಗದಿಂದ ನರಳಿದವರಿಗೆ ಪರಿಹಾರ ಕೊಡುವ ಕಾಯಿದೆಯು ಬಂದದ್ದು ೧೯೯೦ರಲ್ಲಿ. ೨೦೦೩ರಿಂದ ೨೦೦೮ರ ವರೆಗೆ ವಿಶ್ವವಿದ್ಯಾಲಯದವರು ನೂರೈವತ್ತಕ್ಕೂ ಹೆಚ್ಚು ಜನರ ಮಾತನ್ನು ಕೂಡಿಸಿದರು. ಬಾಂಬನ್ನು ರಚಿಸಿದ ವಿಜ್ಞಾನಿ, ಸುರಂಗ ಅಗೆದ ಕೆಲಸಗಾರ, ವಿರೋಧಿಸಿ ಸೆರೆಯಾದ ಶಾಂತಿವಾದಿ, ನೆಲ ಕಳೆದುಕೊಂಡ ಮೂಲನಿವಾಸಿ—ಎಲ್ಲರಿಗೂ ಒಂದೇ ಪಂಕ್ತಿಯಲ್ಲಿ ಮಣೆ ಹಾಕಿದರು. ನಾವು ಈ ಕಾರ್ಯವನ್ನು ಮೆಚ್ಚುವುದು ಈ ಸಮದೃಷ್ಟಿಗಾಗಿ.

ಮುದುಕರ ನೆನಪನ್ನು ನಂಬಬಹುದೇ ಎಂಬ ಆಕ್ಷೇಪಣೆಯನ್ನು ನಾವು ತಳ್ಳಿಹಾಕುವುದಿಲ್ಲ. ನೆನಪು ವರ್ಷವನ್ನು ತಪ್ಪಿಸುವುದು. ಕಂಡದ್ದರೊಡನೆ ಕೇಳಿದ್ದನ್ನೂ ಬೆರೆಸುವುದು. ಕಹಿಯನ್ನು ಮರೆತು ಸಿಹಿಯನ್ನು ಹೇಳುವುದೂ ಉಂಟು. ಆದಕಾರಣ ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಂಡು, ಹೇಳಿದವರಿಗೆ ಓದಿ ತೋರಿಸಿ, ದಫ್ತರದೊಡನೆ ತಾಳೆ ನೋಡಬೇಕು. ಆದರೆ ಇದೇ ಪರೀಕ್ಷೆಗೆ ದಫ್ತರವೂ ತಲೆಬಾಗಬೇಕಲ್ಲವೇ? ಅದನ್ನು ಬರೆದವನಿಗೂ ಹೊಟ್ಟೆಪಾಡಿತ್ತು, ಮೇಲಧಿಕಾರಿಯ ಭಯವಿತ್ತು. ಪರರಾಳಿಕೆಯಲ್ಲಿ ದೇಶಭಕ್ತನನ್ನು ಪುಂಡನೆಂದು ಬರೆದ ಕಾಗದಗಳನ್ನು ಕಂಡಿರುವ ನಮ್ಮ ದೇಶದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಬ್ಬರು ಸಾಕ್ಷಿಗಳಿರುವಾಗ ಒಬ್ಬನನ್ನೇ ಕೇಳಿ ತೀರ್ಪು ಕೊಡುವುದು ನ್ಯಾಯವಲ್ಲ.

ಲಾಸ್ ವೇಗಸಿನ ಆ ಕಾರ್ಯದಲ್ಲಿಯೂ ಒಂದು ವಿಷಾದವಿದೆ. ಅಣೆಕಟ್ಟಿನ ಸುರಂಗದಲ್ಲಿ ಹೊಗೆ ಕುಡಿದವರಲ್ಲಿ ಎಷ್ಟೋ ಜನರು, ಯಾರೂ ತಮ್ಮನ್ನು ಕೇಳುವುದಕ್ಕೆ ಮುಂಚೆಯೇ ಕಣ್ಣು ಮುಚ್ಚಿದರು. ಕಾಗದಕ್ಕೆ ಗೆದ್ದಲು ಹಿಡಿದರೆ ಪ್ರತಿ ತೆಗೆಯಬಹುದು. ಸತ್ತ ಸಾಕ್ಷಿಗೆ ಪ್ರತಿಯಿಲ್ಲ. ಯಾವ ಊರೇ ಆಗಲಿ, ಅದನ್ನು ವಿಸ್ತರಿಸಲು ನಕ್ಷೆ ಬರೆಯುವ ಅಧಿಕಾರಿಗಳೂ, ಅದಕ್ಕೆ ಹಣ ಮಂಜೂರು ಮಾಡುವ ಸದಸ್ಯರೂ, ಆ ಊರಿನ ಹಿರಿಯ ಕೂಲಿಯವನನ್ನೂ ಕೇರಿಯ ಮುದುಕಿಯನ್ನೂ ಕರೆದು ಕೂರಿಸಿ ಕೇಳುವ ಕೆಲಸವನ್ನು ನಾಳೆಗೆ ದೂಡದಿರಲಿ. ಅದಕ್ಕೆ ಬೇಕಾದ ವೆಚ್ಚವು ಅಲ್ಪ. ಬೇಕಾದ ತಾಳ್ಮೆಯು ಬಹಳ.