ಜಮಖಂಡಿಯ ರಾನಡೆ, ಎರಡು ಭಾಷೆಯ ಅನುಭಾವ

ಆಷಾಢ ಏಕಾದಶಿ ಬಂತೆಂದರೆ ಘಣಸೋಲಿಯ ಶಾಲಾ ಮಕ್ಕಳು ವಾರಕರಿ ವೇಷ ತೊಟ್ಟು, ತಾಳ ಹಿಡಿದು ದಿಂಡಿ ಹೊರಡುತ್ತಾರೆ. ಅವರಲ್ಲಿ ನಮ್ಮ ಕಡೆಯ ಮಕ್ಕಳೂ ಇರುತ್ತಾರೆ. ಜ್ಞಾನೇಶ್ವರ, ತುಕಾರಾಮರ ಹೆಸರು ಅವರಿಗೆ ಬಾಯಿಪಾಠ. ಅಲ್ಲಮ, ಪುರಂದರದಾಸ ಎಂದರೆ ಮುಖ ಮುಖ ನೋಡುತ್ತಾರೆ. ಶಾಲೆಯ ಸಂತರು ಬೇರೆ, ಮನೆಯ ಸಂತರು ಬೇರೆ ಎಂದುಕೊಂಡು ಬೆಳೆಯುವ ಈ ಮಕ್ಕಳ ಅಪ್ಪ-ಅಮ್ಮಂದಿರಿಗೆ ನಾನು ಹೇಳುವ ಹೆಸರು ಗುರುದೇವ ರಾನಡೆಯವರದು.

ರಾಮಚಂದ್ರ ದತ್ತಾತ್ರೇಯ ರಾನಡೆ ಹುಟ್ಟಿದ್ದು 1886ರಲ್ಲಿ, ಜಮಖಂಡಿಯಲ್ಲಿ. ಮನೆಮಾತು ಮರಾಠಿ, ಊರಮಾತು ಕನ್ನಡ. ಅವರಿಗೆ ನಾಮದೀಕ್ಷೆ ಕೊಟ್ಟ ಭಾವೂಸಾಹೇಬ ಮಹಾರಾಜರು ಉಮದಿಯವರು. ಉಮದಿ ಇವತ್ತು ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನಲ್ಲಿದೆ; ಅವರ ಮಠವಿರುವ ಇಂಚಗೇರಿ ವಿಜಯಪುರ ಜಿಲ್ಲೆಯಲ್ಲಿ. ಪರಂಪರೆಯೇ ಗಡಿಯ ಆಚೆಗೊಂದು ಈಚೆಗೊಂದು ಕಾಲಿಟ್ಟಿತ್ತು.

ರಾನಡೆ ಪುಣೆಯ ಫರ್ಗ್ಯೂಸನ್ ಕಾಲೇಜಿನಲ್ಲಿ ಪಾಠ ಹೇಳಿ, ಆಮೇಲೆ ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಪ್ರಾಧ್ಯಾಪಕರೂ ಕುಲಪತಿಗಳೂ ಆದರು. ಗ್ರೀಕ್ ತತ್ತ್ವಜ್ಞಾನವನ್ನೂ ಆಳವಾಗಿ ಓದಿದ್ದರು. ಗ್ರೀಕರ ‘ಗ್ನೋಸಿಸ್’, ನಮ್ಮ ‘ಜ್ಞಾನ’ ಒಂದೇ ಬೇರಿನ ಪದಗಳು. ಆದರೆ ಅಲ್ಲಿನ ಆದಿ ಕ್ರೈಸ್ತ ಜ್ಞಾನಮಾರ್ಗಿಗಳ ಎಷ್ಟೋ ಗ್ರಂಥಗಳು ಈಜಿಪ್ಟಿನ ನಾಗ್ ಹಮ್ಮಾದಿ ಬಳಿ ಮಣ್ಣಿನ ಜಾಡಿಯೊಳಗೆ ಹೂತುಹೋಗಿ, 1945ರಲ್ಲಷ್ಟೇ ಹೊರಬಂದವು. ನಮ್ಮಲ್ಲಿ ಅಂಥ ಮಾತು ಭಜನೆಯಲ್ಲಿ ಬದುಕಿಯೇ ಇತ್ತು. ಅದನ್ನು ಒರೆಗೆ ಹಚ್ಚಿ ನೋಡುವವರು ಬೇಕಿತ್ತು.

1933ರ ‘ಮಿಸ್ಟಿಸಿಸಮ್ ಇನ್ ಮಹಾರಾಷ್ಟ್ರ’ದಲ್ಲಿ ರಾನಡೆ ಮಾಡಿದ್ದು ಅದನ್ನೇ. ಸಂತರು ತಾವೇ ಹೇಳಿಕೊಂಡ ಅನುಭವವನ್ನು, ಕಂಡ ಬೆಳಕನ್ನು, ಕೇಳಿದ ನಾದವನ್ನು ಸಾಕ್ಷಿಯಂತೆ ಓದಿದರು. ಜ್ಞಾನೇಶ್ವರರದು ಬೌದ್ಧಿಕ ಅನುಭಾವ, ನಾಮದೇವ ಮತ್ತು ಸಂಗಡಿಗರದು ಪ್ರಜಾಸತ್ತಾತ್ಮಕ, ಏಕನಾಥರದು ಸಮನ್ವಯದ್ದು, ತುಕಾರಾಮರದು ವೈಯಕ್ತಿಕ, ರಾಮದಾಸರದು ಕರ್ಮಶೀಲ ಎಂದು ವಿಂಗಡಿಸಿದರು. (ದಿನವಿಡೀ ಕೋಡ್ ಬರೆಯುವ ನನಗೆ ಇಂಥ ವಿಂಗಡಣೆ ಖುಷಿ ಕೊಡುತ್ತದೆ, ತುಕಾರಾಮರು ಯಾವ ಡಬ್ಬಿಯಲ್ಲೂ ಪೂರ್ತಿ ಹಿಡಿಯುವುದಿಲ್ಲವೆಂದು ಗೊತ್ತಿದ್ದರೂ.)

ಕನ್ನಡದ ಸರದಿ ಕೊನೆಗೆ ಬಂತು. ‘ಪಾಥ್‌ವೇ ಟು ಗಾಡ್ ಇನ್ ಕನ್ನಡ ಲಿಟರೇಚರ್’ ಅಚ್ಚಾದದ್ದು 1960ರಲ್ಲಿ, ಅವರು ನಿಂಬಾಳದಲ್ಲಿ ತೀರಿಕೊಂಡ 3 ವರ್ಷಕ್ಕೆ. ನಮ್ಮ ಮನೆಗಳಲ್ಲಿ ಬೇರೆ ಬೇರೆ ಕಪಾಟು ಸೇರುವ ವಚನಕಾರರೂ ಹರಿದಾಸರೂ ಅಲ್ಲಿ ಒಂದೇ ಪಂಕ್ತಿಯಲ್ಲಿ ಕೂತಿದ್ದಾರೆ. ಒಂದು ತಕರಾರು ಮಾತ್ರ ನನಗಿದೆ: ಸಾಕ್ಷಾತ್ಕಾರವೊಂದೇ ಅಳತೆಗೋಲಾದರೆ, ಜಾತಿಯ ಮೇಲಿನ ಬಸವಣ್ಣನವರ ಸಿಟ್ಟು ಎಲ್ಲಿಗೆ ಹೋಗಬೇಕು? ಈ ಓದಿನಲ್ಲಿ ಅದರ ಕಾವು ಇಳಿಯುತ್ತದೆ.

ಎರಡೂ ಪುಸ್ತಕ ಇಂಗ್ಲಿಷಿನಲ್ಲಿವೆ, ಹಾಗಾಗಿ ಇಲ್ಲಿ ಓದುವ ದೊಡ್ಡ ಮಕ್ಕಳ ಕೈಗೂ ಕೊಡಬಹುದು. ಸೊಲ್ಲಾಪುರದ ಮೇಲೆ ವಿಜಯಪುರಕ್ಕೆ ರೈಲಿನಲ್ಲಿ ಹೋಗುವವರಿಗೆ ನಿಂಬಾಳ ಸ್ಟೇಷನ್ ದಾರಿಯಲ್ಲೇ ಸಿಗುತ್ತದೆ. ರಾನಡೆಯವರ ಆಶ್ರಮ ಅಲ್ಲೇ ಹತ್ತಿರ.